ತೂತಿಲ್ಲದ ಸ್ವಿಚ್ಚು
ನೀರಿಗಿಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೋರಬಹುದಾದ ಜಾಗಗಳಲ್ಲಿ ಗುಂಡಿಯೂ ಒಂದು. ಗುಂಡಿಯ ಕಡ್ಡಿ ಒಳಹೋಗಲು ತೂತು ಬೇಕು, ತೂತಿಗೆ ರಬ್ಬರ್ ರಿಂಗು ಬೇಕು. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ, ಮರಳು ಸೇರಿ ರಿಂಗು ಸವೆಯುತ್ತದೆ. ಹೊರಗಿನ ಅಯಸ್ಕಾಂತವನ್ನು ಗೋಡೆಯಾಚೆಯಿಂದಲೇ ಒಳಗಿನ ಸ್ವಿಚ್ಚು ಗುರುತಿಸುವ ಜೋಡಣೆಯಲ್ಲಿ ತೂತೇ ಇಲ್ಲ. ಮಾಳಿಗೆ ಟ್ಯಾಂಕಿಗೂ ಒದಗುವ ಸರಳ ಉದಾಹರಣೆಯೆಂದರೆ ಫ್ಲೋಟ್ ಸ್ವಿಚ್: ಮುಚ್ಚಿದ ಕೊಳವೆಯೊಳಗೆ ರೀಡ್ ಸ್ವಿಚ್, ಹೊರಗೆ ನೀರಿನೊಡನೆ ಏರಿಳಿಯುವ ತೇಲುಬಿಲ್ಲೆಯಲ್ಲಿ ಅಯಸ್ಕಾಂತ. ಅಯಸ್ಕಾಂತ ಹತ್ತಿರ ಬಂದೊಡನೆ ರೀಡ್ ಸ್ವಿಚ್ಚಿನ ಗಾಜಿನ ಕೊಳವೆಯೊಳಗಿನ ಎರಡು ತೆಳು ಲೋಹದ ಪಟ್ಟಿಗಳು ಒಂದನ್ನೊಂದು ಮುಟ್ಟಿ ವಿದ್ಯುತ್ ಹರಿಯುತ್ತದೆ. ಇದಕ್ಕೆ ಬ್ಯಾಟರಿ ಖರ್ಚಿಲ್ಲ. ಅಯಸ್ಕಾಂತವನ್ನು ಗುರುತಿಸುವ ಇನ್ನೊಂದು ಸಾಧನವಾದ ಹಾಲ್ ಸಂವೇದಕಕ್ಕೆ ವಿದ್ಯುತ್ ಬೇಕು, ಆದರೆ ಗುಂಡಿಯನ್ನು ಎಷ್ಟು ತಿರುಗಿಸಲಾಗಿದೆ ಎಂಬುದನ್ನೂ ಅದು ಅಳೆಯಬಲ್ಲದು. ಅದರ ಮೂಲತತ್ವವನ್ನು ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದರು. ತಿರುಗುವ ಚಲನೆಯನ್ನೇ ಒಳಗೆ ದಾಟಿಸಬೇಕಿದ್ದರೆ ಗೋಡೆಯ ಎರಡೂ ಬದಿ ವಿರುದ್ಧ ಧ್ರುವಗಳನ್ನು ಎದುರುಬದುರು ಇಡುತ್ತಾರೆ; ನೀರಿನ ಮೀಟರಿನ ಚಕ್ರ ಒಣ ಮುಳ್ಳನ್ನು ತಿರುಗಿಸುವುದು ಹೀಗೆ. ಗೋಡೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯಂಥ ವಸ್ತುವಿನದಾಗಿರಬೇಕು, ಕಬ್ಬಿಣ ಬಲರೇಖೆಗಳನ್ನು ತನ್ನತ್ತ ಸೆಳೆದುಬಿಡುತ್ತದೆ. ಗೋಡೆ ತೆಳುವಾಗಿರುವುದೂ ಮುಖ್ಯ, ಏಕೆಂದರೆ ದೂರ ಹೆಚ್ಚಿದಂತೆ ಹಿಡಿತ ಬಹಳ ಬೇಗ ಕುಗ್ಗುತ್ತದೆ. ಹೊರೆ ಮೀರಿದರೆ ಜೋಡಣೆ ಜಾರುತ್ತದೆ, ಮುರಿಯುವುದಿಲ್ಲ. ಈ ಜೋಡಣೆಯ ದೊಡ್ಡ ಗುಣ ಇದೇ. ನಿಯೋಡಿಮಿಯಮ್ ಅಯಸ್ಕಾಂತ ಬಲಶಾಲಿ, ಆದರೆ ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಹಾಗಾಗಿ ನಿಕಲ್ ಅಥವಾ ಎಪಾಕ್ಸಿ ಲೇಪ ತಪ್ಪಿಸುವಂತಿಲ್ಲ. ಕೆಸರಿನಲ್ಲಿರುವ ಕಬ್ಬಿಣದ ಕಣಗಳೂ ಅಯಸ್ಕಾಂತಕ್ಕೆ ಅಂಟುತ್ತವೆ. ಆದ್ದರಿಂದ ಕೃಷ್ಣಾ ನದಿಯ ಮಳೆಗಾಲದ ಕೆಂಪು ನೀರಿಗೆ ಇಳಿಸುವ ಉಪಕರಣದ ಹೊರ ಗುಂಡಿ ಬಿಚ್ಚಿ ತೊಳೆಯಲು ಬರುವಂತಿರಬೇಕು.