ಬೇರಿಗೆ ಬೆಲೆ, ಬೇರು ಬಲ್ಲವನಿಗೆ ನೋಟಿಸು



ನಮ್ಮ ಹೋಬಳಿಯಲ್ಲಿ ನಾಲ್ಕು ತಲೆಮಾರಿನಿಂದ ಮೂಳೆ ಕಟ್ಟುತ್ತ ಬಂದಿರುವ ಮನೆಯ ಬಾಗಿಲಿಗೆ ಕಳೆದ ವಾರ ನೋಟಿಸು ಅಂಟಿಸಿ ಹೋಗಿದ್ದಾರೆ. ‘ನಕಲಿ ವೈದ್ಯ’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ಕೊಡದಿದ್ದರೆ ಆ ಮನೆಯ ಜಗಲಿಗೆ ಬೀಗ, ಅಲ್ಲಿ ಮೂಳೆ ಕಟ್ಟುವ ಅಜ್ಜನ ಮೇಲೆ ಕೇಸು. ಅಡಿಕೆ ಕೊನೆ ತೆಗೆಯಲು ಹತ್ತಿ ಜಾರಿಬಿದ್ದವರು, ಕೊಟ್ಟಿಗೆಯಲ್ಲಿ ಕಾಲು ಉಳುಕಿಸಿಕೊಂಡವರು, ಕಬಡ್ಡಿಯಲ್ಲಿ ಮಣಿಕಟ್ಟು ಮುರಿದುಕೊಂಡ ಶಾಲೆ ಮಕ್ಕಳು, ಇವರಲ್ಲಿ ಒಬ್ಬರಾದರೂ ಆ ಜಗಲಿಯ ಚಾಪೆಯ ಮೇಲೆ ಮಲಗಿ ಎದ್ದು ಬರದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ನೋಟಿಸು ತಂದ ಜೀಪಿನ ಚಾಲಕನ ಮೊಣಕೈ ಕಟ್ಟಿದ್ದೂ ಇದೇ ಅಜ್ಜ. ಪಾಪ, ಆತ ಜೀಪಿನಿಂದ ಕೆಳಗಿಳಿಯಲೇ ಇಲ್ಲವಂತೆ.

ಅಜ್ಜನ ಕೆಲಸ ಕಣ್ಣಾರೆ ಕಾಣದವರಿಗೆ ಎರಡು ಮಾತು. ಮೊದಲು ಮುಟ್ಟುವುದಿಲ್ಲ, ಬಿದ್ದದ್ದು ಹೇಗೆ, ಯಾವ ಮಗ್ಗುಲಿಗೆ ಎಂದು ಕೇಳುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ತಡವುತ್ತ ಹೋಗಿ ನೋವಿನ ಜಾಗದಲ್ಲಿ ನಿಲ್ಲುತ್ತಾರೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ‘ಇದು ನನ್ನ ಕೈಲಿ ಆಗುವಂಥದ್ದಲ್ಲ, ಜಿಲ್ಲಾಸ್ಪತ್ರೆಗೆ ನಡೀರಿ’ ಎಂದು ಎದ್ದುಬಿಡುತ್ತಾರೆ. ಆಗುವಂಥದ್ದಾದರೆ ಎಳೆದು ಕೂರಿಸಿ, ಸೊಪ್ಪಿನ ರಸ ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಸುತ್ತಿ ಮುಗಿದ ಮೇಲೆ ರೋಗಿಯ ಉಗುರನ್ನು ಒತ್ತಿ ಬಿಡುತ್ತಾರೆ. ಬೆಳ್ಳಗಾದ ಉಗುರು ಕೂಡಲೇ ಕೆಂಪಿಗೆ ತಿರುಗಬೇಕು. ತಿರುಗದಿದ್ದರೆ ಅಷ್ಟೂ ಕಟ್ಟು ಬಿಚ್ಚಿ ಮೊದಲಿಂದ ಕಟ್ಟುತ್ತಾರೆ. ರಕ್ತ ಓಡುತ್ತಿದೆಯೇ ಎಂದು ನೋಡಲು ದೊಡ್ಡ ಆಸ್ಪತ್ರೆಗಳಲ್ಲೂ ಉಗುರು ಒತ್ತಿಯೇ ನೋಡುತ್ತಾರೆ. ಅವರು ಒತ್ತಿದರೆ ಪರೀಕ್ಷೆ, ಅಜ್ಜ ಒತ್ತಿದರೆ ವಂಚನೆ!

ಈಗ ಸರ್ಕಾರದ ಎರಡು ನಾಲಿಗೆ ನೋಡಿ. 2002ರ ಜೀವವೈವಿಧ್ಯ ಕಾಯ್ದೆ ಎಂದೊಂದಿದೆ. ಸಸ್ಯಸಂಪತ್ತನ್ನು ವ್ಯಾಪಾರಕ್ಕೆ ಬಳಸುವವರು ಮೊದಲೇ ತಿಳಿಸಬೇಕೆಂದು ಅದರ 7ನೇ ಕಲಮು ಹೇಳುತ್ತದೆ. ಅದೇ ಕಲಮಿನಲ್ಲಿ, ಸ್ಥಳೀಯ ಜನರಿಗೂ ದೇಸಿ ವೈದ್ಯ ಮಾಡಿಕೊಂಡು ಬಂದ ವೈದ್ಯರು ಹಕೀಮರಿಗೂ ಈ ನಿಯಮವಿಲ್ಲ ಎಂದು ಪಾರ್ಲಿಮೆಂಟು ಬರೆಯಿತು. ಅಂದರೆ ಅಜ್ಜನಂಥವರು ಇದ್ದಾರೆ ಎಂಬುದು ದೆಹಲಿಗೆ ಗೊತ್ತು. ಅದೇ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಆಯಿತು, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಬಂತು. ನಮ್ಮೂರಿಗೂ ಬಂದರು. ಅಜ್ಜನ ಜಗಲಿಯಲ್ಲೇ ಕೂತು, ಅಜ್ಜಿ ಕೊಟ್ಟ ಕಷಾಯ ಕುಡಿಯುತ್ತ, ಯಾವ ಬೇರು ಯಾವುದಕ್ಕೆ, ಯಾವ ತೊಗಟೆ ಯಾವ ತಿಂಗಳಲ್ಲಿ ಎಂದು ಕೇಳಿ ಕೇಳಿ ಬರೆದುಕೊಂಡು ಹೋದರು. ಆ ಪುಸ್ತಕದಲ್ಲಿ ಅಜ್ಜ ‘ಪಾರಂಪರಿಕ ವೈದ್ಯರು’. ನೋಟಿಸಿನಲ್ಲಿ ನಕಲಿ. ಬರೆಸಿಕೊಳ್ಳುವಾಗ ಗೌರವ, ಬರೆಸಿಕೊಂಡ ಮೇಲೆ ಬೀಗ.

ಕಾನೂನು ತಿಳಿದವರು ಇಷ್ಟಕ್ಕೇ ತಡೆದು ಹೇಳುತ್ತಾರೆ: 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಇಲ್ಲ, 2018ರ ಏಪ್ರಿಲ್‌ನಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗಿದೆ, ಮಾನ್ಯ ಪದವಿ ಇಲ್ಲದವರು ವೈದ್ಯ ಮಾಡುವಂತಿಲ್ಲ. ಗೊತ್ತು ಸ್ವಾಮಿ. ಕೋರ್ಟಿಗೆ ನಾವು ಎದುರಾಡುವುದಿಲ್ಲ. ಇದ್ದ ಕಾನೂನನ್ನು ಕೋರ್ಟು ಓದಿ ಹೇಳಿತು, ಅಷ್ಟೆ. ನಮ್ಮ ಜಗಳ ಕಾನೂನು ಮಾಡುವವರ ಜೊತೆ. 1970ರ ಕೇಂದ್ರ ಕಾಯ್ದೆಯಲ್ಲಿ, ನೋಂದಣಿ ಪುಸ್ತಕವೇ ಇಲ್ಲದ ರಾಜ್ಯಗಳಲ್ಲಿ ಆಗಲೇ ಐದು ವರ್ಷ ವೈದ್ಯ ಮಾಡಿದ್ದವರಿಗೆ ರಕ್ಷಣೆ ಇತ್ತು. ಅವರ ಕಾಲ ಮುಗಿಯಿತು. ಅವರ ಕೈಕೆಳಗೆ ಕಲಿತ ಮಕ್ಕಳು ಯಾವ ಬಾಗಿಲು ತಟ್ಟಬೇಕು? ಭಾರತೀಯ ಗುಣಮಟ್ಟ ಮಂಡಳಿಯವರು ನಾಟಿ ವೈದ್ಯರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಒಂದು ಯೋಜನೆ ಮಾಡಿದ್ದಾರೆ, ನಿಜ. ಒಳ್ಳೆಯದೇ. ಆದರೆ ಅದು ವೃತ್ತಿಯ ಪರವಾನಗಿ ಅಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಜೀಪು ಬಂದ ದಿನ ಉಪಯೋಗಕ್ಕೆ ಬಾರದು.

ಇನ್ನು ಕಂಪನಿಗಳ ಕಥೆ. ಕಾಡಿನ ಬೇರು ತೊಗಟೆ ಬಳಸಿ ಔಷಧಿ ಮಾಡಿ ಮಾರುವವರು ಲಾಭದಲ್ಲಿ ಒಂದು ಪಾಲನ್ನು ಊರಿನವರಿಗೆ ಕೊಡಬೇಕು ಎಂಬುದು ಅದೇ ಜೀವವೈವಿಧ್ಯ ಕಾಯ್ದೆಯ ಆಶಯ. ಎಷ್ಟು ಪಾಲು ಇತ್ತು ಗೊತ್ತೇ? 2014ರ ಮಾರ್ಗಸೂಚಿಯ ಪ್ರಕಾರ ಕಾರ್ಖಾನೆ ಬೆಲೆಯ ನೂರು ರೂಪಾಯಿ ಮಾಲಿಗೆ ಹತ್ತು ಪೈಸೆಯಿಂದ ಐವತ್ತು ಪೈಸೆ. ಆ ಪೈಸೆಯನ್ನೂ ಕೊಡಲಾರೆವು ಎಂದು ದಿವ್ಯ ಫಾರ್ಮಸಿ ಉತ್ತರಾಖಂಡ ಹೈಕೋರ್ಟಿಗೆ ಹೋಯಿತು. ದೇಶದೊಳಗಿನ ಕಂಪನಿಯೂ ಕೊಡಲೇಬೇಕು ಎಂದು 2018ರ ಡಿಸೆಂಬರ್‌ನಲ್ಲಿ ಕೋರ್ಟು ಹೇಳಿತು. ನಾವು ಚಪ್ಪಾಳೆ ತಟ್ಟಿದೆವು. ಐದು ವರ್ಷ ತುಂಬುವುದರೊಳಗೆ, 2023ರಲ್ಲಿ, ಕಾಯ್ದೆಯನ್ನೇ ತಿದ್ದಿದರು. ಗ್ರಂಥದಲ್ಲಿ ದಾಖಲಾದ ಜ್ಞಾನಕ್ಕೆ ಪಾಲು ಕೊಡಬೇಕಿಲ್ಲ ಎಂದಾಯಿತು. ಕಾಯ್ದೆ ಮುರಿದವರಿಗೆ ಇದ್ದ ಐದು ವರ್ಷದವರೆಗಿನ ಜೈಲು ಹೋಗಿ ದಂಡವೊಂದೇ ಉಳಿಯಿತು. ಇತ್ತ 2020ರ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ವೈದ್ಯ ಮಾಡಿದವರಿಗೆ ಜೈಲೂ ಉಂಟು, ದಂಡವೂ ಉಂಟು. ಲೆಕ್ಕ ನೀವೇ ಹಾಕಿ. ಬೇರು ಕೊಂಡವನಿಗೆ ಜೈಲು ಮಾಫಿ. ಬೇರು ಬಲ್ಲವನಿಗೆ ಜೈಲು ಹಾಗೆಯೇ ಜಾರಿ.

ಕಾಡಿಗೆ ಹೋಗಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀತಾ ಅಶೋಕದ ತೊಗಟೆ ಬೇಕಾದಾಗ ಅಜ್ಜ ಮರದ ಒಂದೇ ಮಗ್ಗುಲಲ್ಲಿ ಅಂಗೈ ಅಗಲದಷ್ಟು ಕೆತ್ತಿ, ಗಾಯಕ್ಕೆ ಸಗಣಿ ಮೆತ್ತಿ ಬರುತ್ತಾರೆ. ಮರುವರ್ಷ ಆ ಮರದ ಹತ್ತಿರ ಹೋಗುವುದಿಲ್ಲ. ಲೋಡುಗಟ್ಟಲೆ ಒಯ್ಯುವವರು ಮರದ ಸುತ್ತಲೂ ಬುಡದಿಂದ ಕೊಂಬೆಯವರೆಗೆ ಸುಲಿಯುತ್ತಾರೆ. ಮುಂದಿನ ಬೇಸಿಗೆಗೆ ಮರ ಒಣಗಿ ನಿಂತಿರುತ್ತದೆ. ಏಕನಾಯಕದ ಬೇರಿನ ಪಾಡೂ ಇದೇ. ಆ ಲಾರಿಗೆ ಯಾರು ನೋಟಿಸು ಅಂಟಿಸಿದರು? ನಾವಂತೂ ಕಾಣಲಿಲ್ಲ. ಲಾರಿಯ ಡೋರಿಗೆ ಅಂಟು ಹಿಡಿಯುವುದಿಲ್ಲವೋ ಏನೋ.

ಕೊಡುವ ಮನಸ್ಸಿದ್ದರೆ ದಾರಿಗಳಿವೆ. ಪಕ್ಕದ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ಕಾಣಿ ಬುಡಕಟ್ಟಿನವರು ದಾರಿ ನಡೆಯುತ್ತ ಆರೋಗ್ಯಪ್ಪಚ್ಚ ಎಂಬ ಗಿಡದ ಹಣ್ಣು ತಿಂದು ದಣಿವಾರಿಸಿಕೊಳ್ಳುವುದನ್ನು ಅಲ್ಲಿಗೆ ಹೋದ ವಿಜ್ಞಾನಿಗಳು ಕಂಡರು. ಅದರಿಂದ ‘ಜೀವನಿ’ ಎಂಬ ಔಷಧಿ ಆಯಿತು. ಅದನ್ನು ತಯಾರಿಸುವ ಪರವಾನಗಿಗೆ ಬಂದ ಹಣದಲ್ಲಿ, ರಾಯಧನದಲ್ಲಿ ಅರ್ಧ ಭಾಗ ಕಾಣಿಗಳಿಗೆ ಎಂದು ನಿಶ್ಚಯವಾಯಿತು. ಅದು ಮುಂದೆ ಕುಂಟಿತು, ಒಪ್ಪುತ್ತೇವೆ. ಆದರೂ ಹೇಳಿಕೊಟ್ಟವರ ಮನೆಗೆ ಹಣದ ಪಾಲು ಹೋಯಿತೇ ಹೊರತು ನೋಟಿಸು ಹೋಗಲಿಲ್ಲ.

ಈಗ ನಮ್ಮವರೇ ಅನ್ನಿಸಿಕೊಂಡವರ ಬಗ್ಗೆ. ಆಯುರ್ವೇದ ಕಾಲೇಜಿನಲ್ಲಿ ಓದಿ ಬಂದ ಬಿಎಎಂಎಸ್ ಡಾಕ್ಟರುಗಳೇ, ನಿಮ್ಮ ಮೇಲೆ ನಮಗೆ ಅಭಿಮಾನ ಇತ್ತು. 2020ರ ನವೆಂಬರ್‌ನಲ್ಲಿ ನಿಮ್ಮ ಶಲ್ಯ, ಶಾಲಾಕ್ಯ ಸ್ನಾತಕೋತ್ತರರಿಗೆ 58 ಬಗೆಯ ಶಸ್ತ್ರಚಿಕಿತ್ಸೆಗೆ ಅವಕಾಶ ಕೊಟ್ಟಾಗ ಅಲೋಪತಿಯವರು ದೇಶಾದ್ಯಂತ ಮುಷ್ಕರ ಹೂಡಿದರು. ಆಗ ಸುಶ್ರುತನ ಹೆಸರು ಹೇಳಿ, ಪರಂಪರೆಯ ಹೆಸರು ಹೇಳಿ ನೀವು ಬೀದಿಗೆ ಬಂದಿರಿ; ನಿಮ್ಮ ಪರ ಮೊದಲು ದನಿ ಎತ್ತಿದ್ದು ಹಳ್ಳಿಯವರು. ಇಂದು ಅಜ್ಜನ ಮೇಲೆ ದೂರು ಕೊಟ್ಟವರಲ್ಲಿ ನಿಮ್ಮ ಪೈಕಿಯವರೂ ಇದ್ದಾರೆಂದು ಕೇಳಿದೆವು. ಸುಶ್ರುತ ಯಾವ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸಿದ್ದ, ತಿಳಿಸಿದರೆ ಉಪಕಾರವಾದೀತು. ಬೆಳಿಗ್ಗೆ ಚರಕಸಂಹಿತೆಗೆ ಕೈ ಮುಗಿದು, ಮಧ್ಯಾಹ್ನ ಆಂಟಿಬಯಾಟಿಕ್ ಚೀಟಿ ಬರೆದು, ಸಂಜೆ ನಾಟಿ ವೈದ್ಯರ ಮೇಲೆ ಅರ್ಜಿ ಗೀಚುವ ನಿಮ್ಮ ದಿನಚರಿ ಜನರಿಗೆ ಕಾಣುತ್ತಿದೆ.

ಟೀವಿಯಲ್ಲಿ ಮಾತನಾಡುವವರನ್ನು ಬಿಡಲಾದೀತೇ? ಸಕ್ಕರೆ ಕಾಯಿಲೆ ಬುಡಸಹಿತ ಹೋಗುತ್ತದೆ, ಕ್ಯಾನ್ಸರ್ ಕರಗುತ್ತದೆ ಎಂದು ಬೆಳಗಿನ ಜಾವದಿಂದ ಜಾಹೀರಾತು. ಇಂಥ 54 ರೋಗಗಳ ಹೆಸರಿನಲ್ಲಿ ಜಾಹೀರಾತು ಕೊಡಬಾರದೆಂಬ ಕಾನೂನು 1954ರಿಂದ ಇದೆ. 2024ರಲ್ಲಿ ಸುಪ್ರೀಂ ಕೋರ್ಟು ಕಣ್ಣು ಕೆಂಪಗೆ ಮಾಡಿದ ಮೇಲೆ ಪತಂಜಲಿಯವರು ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚು ಹಾಕಿಸಿದರು. ಅವರ ಅಂಗಡಿಗಳಿಗೆ ಬೀಗ ಬಿತ್ತೇ? ಅಜ್ಜ ಇಷ್ಟು ವರ್ಷದಲ್ಲಿ ಒಂದು ಬೋರ್ಡು ಹಾಕಿದವರಲ್ಲ, ಒಂದು ಜಾಹೀರಾತು ಕೊಟ್ಟವರಲ್ಲ. ಕ್ಷಮೆ ಕೇಳುವಂಥದ್ದೇನೂ ಹೇಳಿಲ್ಲದ ಕಾರಣ, ಕ್ಷಮೆ ಕೇಳಿ ಪಾರಾಗುವ ದಾರಿಯೂ ಅವರಿಗಿಲ್ಲ.

ಹಾಗೆಯೇ ನಾಟಿ ವೈದ್ಯರ ಹೆಸರಲ್ಲೇ ಸಂಘ ಕಟ್ಟಿ, ರಸೀದಿ ಪುಸ್ತಕ ಹಿಡಿದು, ಸಾವಿರಾರು ರೂಪಾಯಿಗೆ ಬಣ್ಣದ ಸರ್ಟಿಫಿಕೇಟು ಹಂಚುತ್ತಿರುವ ಮಹನೀಯರೇ, ನೀವೂ ಕೇಳಿಸಿಕೊಳ್ಳಿ. ನಿಮ್ಮ ಸರ್ಟಿಫಿಕೇಟು ಕೊಂಡು ಮೂರು ತಿಂಗಳಲ್ಲಿ ‘ವೈದ್ಯರತ್ನ’ ಆದವರಿಂದಲೇ ನಿಜವಾಗಿ ಬಲ್ಲವರಿಗೆ ಈ ಗತಿ ಬಂದಿದೆ. ನಮ್ಮ ಸಭೆಗೆ ನೀವು ಬರುವುದಾದರೆ ರಸೀದಿ ಪುಸ್ತಕ ಮನೆಯಲ್ಲಿಟ್ಟು ಬನ್ನಿ.

ಕೆಲವು ಪ್ರಶ್ನೆಗಳು ಮಾಮೂಲಿ. ವಿಜ್ಞಾನದ ಆಧಾರ ಎಲ್ಲಿ ಎನ್ನುತ್ತಾರೆ. ಸರ್ಪಗಂಧದ ಬೇರನ್ನು ನಮ್ಮವರು ತಲೆಮಾರುಗಳಿಂದ ಅರೆಯುತ್ತಿದ್ದಾಗ ಅದು ಮೂಢನಂಬಿಕೆ. 1949ರಲ್ಲಿ ಡಾ. ರುಸ್ತುಂ ಜಾಲ್ ವಕೀಲರು ಅದರಿಂದ ರಕ್ತದೊತ್ತಡ ಇಳಿಯುತ್ತದೆಂದು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ರೆಸರ್ಪಿನ್ ಬೇರ್ಪಡಿಸಿದರು; ಆಗ ಅದು ವಿಜ್ಞಾನ! ಬಿಗಿಯಾಗಿ ಕಟ್ಟಿ ಕೈ ಕೊಳೆತರೆ ಯಾರು ಹೊಣೆ ಎನ್ನುತ್ತಾರೆ. ಹಾಗೆ ಕಟ್ಟಿದವನನ್ನು ಹಿಡಿದು ಒಳಗೆ ಹಾಕಿ, ಸಾಕ್ಷಿ ಹೇಳಲು ನಾವೇ ಬರುತ್ತೇವೆ. ಆಪರೇಷನ್ ಮಾಡಿ ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದ ಸುದ್ದಿಯೂ ಆಗಾಗ ಬರುತ್ತದೆ; ಆಗ ಊರಿನ ಆಸ್ಪತ್ರೆಗಳಿಗೆಲ್ಲ ಬೀಗ ಹಾಕಿ ಎಂದು ಯಾರೂ ಅಂದದ್ದಿಲ್ಲ. ಕಾಲ ಬದಲಾಗಿದೆ, ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಹೋಗುತ್ತೇವೆ ಸ್ವಾಮಿ. ಮಳೆಗಾಲದಲ್ಲಿ ನಮ್ಮ ಕಾಲುಸಂಕ ದಾಟಿಸಿ, ಮೂಳೆ ಡಾಕ್ಟರು ಬರುವ ವಾರ ಯಾವುದೆಂದು ಹೇಳಿ, ಬಸ್ಸು ಹತ್ತಿಸಿ ಕಳಿಸಿಕೊಡಿ.

ಇನ್ನು ಚೀನಾದ ಮಾತು. ಅಲ್ಲಿಯದೆಲ್ಲ ಚಿನ್ನ ಎಂದು ನಾವು ಹೇಳುವುದಿಲ್ಲ. ಎಜಿಯಾವೊ ಎಂಬ ಔಷಧಿಗಾಗಿ ಆಫ್ರಿಕಾದ ಕತ್ತೆಗಳ ಚರ್ಮ ಸುಲಿಸಿ ತರಿಸಿಕೊಂಡವರು ಅವರು. ಕೊನೆಗೆ 2024ರಲ್ಲಿ ಆಫ್ರಿಕಾ ಒಕ್ಕೂಟವೇ ಆ ವ್ಯಾಪಾರ ನಿಷೇಧಿಸಬೇಕಾಯಿತು. ಆದರೆ ತಮ್ಮ ಹಳೆಯ ಜ್ಞಾನವನ್ನು ಹೇಗೆ ನಡೆಸಿಕೊಂಡರು ನೋಡಿ. ಮಲೇರಿಯಾ ಮದ್ದು ಹುಡುಕಲು 1967ರಲ್ಲಿ ಸರ್ಕಾರವೇ ಒಂದು ಗುಟ್ಟಿನ ಯೋಜನೆ ಹಾಕಿತು. ತು ಯೂಯೂ ಎಂಬ ಹೆಣ್ಣುಮಗಳು, ಪಿಎಚ್‌ಡಿ ಮಾಡಿದವರಲ್ಲ, ವಿದೇಶದಲ್ಲಿ ಓದಿದವರಲ್ಲ, ಹಳೆಯ ವೈದ್ಯಗ್ರಂಥಗಳನ್ನು ತಿರುವಿಹಾಕಿದರು, ನಾಟಿ ವೈದ್ಯರನ್ನು ಕೇಳಿ ಬರೆದುಕೊಂಡರು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬಾತ, ಚಿಂಗ್‌ಹಾವೊ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಬರೆದಿದ್ದ. ಕುದಿಸು ಎಂದಿಲ್ಲವಲ್ಲ ಎಂಬುದು ಆಕೆಗೆ ಹೊಳೆಯಿತು. ಕಡಿಮೆ ಶಾಖದಲ್ಲಿ ಸಾರ ತೆಗೆದರು. ಆರ್ಟೆಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ನಮ್ಮಲ್ಲಾಗಿದ್ದರೆ ಆಕೆ ಕೇಳಲು ಹೋದ ವೈದ್ಯನ ಮನೆಗೆ ಬೀಗ ಬಿದ್ದಿರುತ್ತಿತ್ತು.

ಅದಕ್ಕಿಂತ ಮುಖ್ಯ ಇನ್ನೊಂದಿದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಚೀನಾದ ಪಾರಂಪರಿಕ ವೈದ್ಯ ಕಾನೂನಿನಲ್ಲಿ, ಗುರುವಿನ ಬಳಿ ಕಲಿತವರಿಗೆ, ವರ್ಷಗಟ್ಟಲೆ ಮಾಡಿ ಕೈ ಪಳಗಿದವರಿಗೆ ಒಂದು ಬಾಗಿಲು ಇಟ್ಟಿದ್ದಾರೆ. ಪಾರಂಪರಿಕ ಪದ್ಧತಿಯ ಇಬ್ಬರು ವೈದ್ಯರಾದರೂ ಶಿಫಾರಸು ಮಾಡಬೇಕು, ಪ್ರಾಂತ್ಯದ ಇಲಾಖೆ ಅವರ ಕೈಗುಣವನ್ನೂ ಫಲಿತಾಂಶವನ್ನೂ ಪರೀಕ್ಷಿಸಬೇಕು, ಗೆದ್ದವರಿಗೆ ವೈದ್ಯರ ಅರ್ಹತೆ. ಕಾಲೇಜಿನ ಕಾಗದ ಬೇಕಿಲ್ಲ. ಪರೀಕ್ಷೆ ಮಾಡಿ ಎಂದರೆ ಅಜ್ಜ ಬೆನ್ನು ತೋರಿಸುವವರಲ್ಲ. ಯಾರಾದರೂ ಪ್ರಶ್ನೆಪತ್ರಿಕೆ ತಂದರೆ ತಾನೇ?

ಹಾಗಾದರೆ ನಿಮ್ಮ ಬೇಡಿಕೆ ಏನು ಎಂದು ಕೇಳುವಿರಿ. ನೋಟಿಸು ವಾಪಸಾಗಬೇಕು. ಬಲ್ಲವರಿಗೆ ಮರ್ಯಾದೆಯ ಒಂದು ದಾರಿ ಆಗಬೇಕು. ಅದಕ್ಕೆ ಕಾಯ್ದೆ ತಿದ್ದುತ್ತೀರೋ, ಸಮಿತಿ ಮಾಡುತ್ತೀರೋ, ಮಂಡಳಿ ಕಟ್ಟುತ್ತೀರೋ, ಅದೆಲ್ಲ ಸಂಬಳ ತೆಗೆದುಕೊಂಡು ಕೂತವರ ಕೆಲಸ. ಮುರಿದ ಕೈ ಹೇಗೆ ಕಟ್ಟಬೇಕೆಂದು ಅಜ್ಜ ನಿಮ್ಮನ್ನು ಕೇಳಿದರೇ?

ಬಂಧುಗಳೇ, ಸಮಜಾಯಿಷಿ ಕೊಡಲು ಉಳಿದಿರುವುದು ಬರುವ ಸೋಮವಾರದವರೆಗೆ ಮಾತ್ರ. ಅಂದು ಬೆಳಿಗ್ಗೆ 11 ಗಂಟೆಗೆ ತಾಲೂಕು ಕಚೇರಿಯ ಎದುರು ಸೇರೋಣ. ಕಟ್ಟಿಸಿಕೊಂಡವರೆಲ್ಲ ಬನ್ನಿ. ಕಟ್ಟುವ ಮೊದಲು, ಗುಣವಾದ ಮೇಲೆ ತೆಗೆಸಿದ ಎಕ್ಸ್‌ರೇ ಮನೆಯಲ್ಲಿದ್ದರೆ ಹುಡುಕಿ ತನ್ನಿ. ಅಧಿಕಾರಿಗಳ ಮೇಜಿನ ಮೇಲೆ ಸಾಲಾಗಿ ಇಡೋಣ. ಘೋಷಣೆ ಕೂಗಿ, ಕಲ್ಲು ಎತ್ತಬೇಡಿ. ಈ ಕರಪತ್ರ ಓದಿ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಕೊಡಿ.

ಇಂತಿ,
ಆ ಜಗಲಿಯಲ್ಲಿ ಕೈಕಾಲು ಕಟ್ಟಿಸಿಕೊಂಡ ಊರಿನವರು