ಅಕ್ಷರ ಸೊಟ್ಟಗಿದೆಯೆಂದು ಆಟ ಕಿತ್ತುಕೊಂಡರು!

ತಾಯಂದಿರೇ, ತಂದೆಯರೇ, ಬಡಾವಣೆಯ ಹಿರಿಯರೇ,

ಕಳೆದ ಸೋಮವಾರ ನಮ್ಮ ಶಾಲೆಯ ವೇಳಾಪಟ್ಟಿ ಬದಲಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂದರಿಂದ ನಾಲ್ಕನೇ ತರಗತಿವರೆಗೆ ವಾರಕ್ಕೆ ಇದ್ದದ್ದೇ ಎರಡು ಆಟದ ಪೀರಿಯಡ್. ಎರಡೂ ಹೋದವು, ಆ ಜಾಗಕ್ಕೆ ಕಾಪಿ ಬರೆಯುವುದು ಬಂತು. ಮಕ್ಕಳ ಅಕ್ಷರ ದುಂಡಗಿಲ್ಲವಂತೆ! ಬೆರಳು ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡು, ಬೆರಳು ಸೋತಿತೆಂದು ಮಗುವನ್ನು ಬೈಯುತ್ತಿದ್ದಾರೆ.

ಮೊನ್ನೆ ಮೂರನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿದೆವು. ಒಬ್ಬ ಹುಡುಗಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ‘ಣ’ ತಿದ್ದುತ್ತಿದ್ದಳು. ಭುಜ ಕಿವಿಯವರೆಗೆ ಏರಿತ್ತು. ನಾಲ್ಕನೇ ಸಾಲಿಗೆ ಹಾಳೆ ತೂತಾಯಿತು, ಕೈ ಕೊಡವಿಕೊಂಡಳು. ಅದೇ ಹುಡುಗಿಯತ್ತ ಚೆಂಡು ಎಸೆದರೆ ಕಣ್ಣು ಮುಚ್ಚಿ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾಳೆ. ಇದು ಸೋಮಾರಿತನವಲ್ಲ, ಕೈ ಪಳಗಿಲ್ಲ ಅಷ್ಟೆ. ಮಗುವಿಗೆ ಹಿಡಿತ ಬರುವುದು ಮೊದಲು ಭುಜಕ್ಕೆ, ಆಮೇಲೆ ಮಣಿಕಟ್ಟಿಗೆ, ಕೊನೆಗೆ ಬೆರಳ ತುದಿಗೆ. ಮರಕೋತಿ ಆಡುತ್ತ ಕೊಂಬೆಗೆ ಜೋತುಬಿದ್ದ ಭುಜವೇ ಬರೆಯುವ ಬೆರಳಿಗೆ ಆಸರೆ. ಕಲ್ಲಾಟ ನೆನಪಿದೆಯೇ? ಒಂದು ಕಲ್ಲು ಮೇಲೆ ಹಾರಿಸಿ, ಅದು ಬೀಳುವಷ್ಟರಲ್ಲಿ ನೆಲದ ಮೇಲಿನ ಎರಡನ್ನು ಬಾಚಿ, ಮೇಲಿನದನ್ನೂ ಅದೇ ಅಂಗೈಯಲ್ಲಿ ಹಿಡಿಯಬೇಕು. ಕಣ್ಣಿಗೂ ಕೈಗೂ ಹೊಂದಿಕೆ ಬರುವುದು ಅಲ್ಲಿ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲ ಮೇಲೆ, ಗೆರೆ ತುಳಿಯದೆ, ಬಗ್ಗಿ ಬಿಲ್ಲೆ ಎತ್ತಿಕೊಂಡು ಬರುವ ಮಗುವಿಗೆ ನೆಟ್ಟಗೆ ಕೂರುವುದನ್ನು ಬೇರೆ ಕಲಿಸಬೇಕೇ?

“ಆಟ ಮನೆಯಲ್ಲಿ ಆಡಲಿ” ಎನ್ನುತ್ತಾರೆ. ಎಲ್ಲಿ ಸ್ವಾಮಿ? ಎರಡು ಕೋಣೆಯ ಬಾಡಿಗೆ ಮನೆಯಲ್ಲೇ, ಬೈಕು ಸಾಲುಗಟ್ಟಿದ ಓಣಿಯಲ್ಲೇ? “ಬಿದ್ದರೆ ಯಾರು ಹೊಣೆ” ಎನ್ನುವವರೂ ಇದ್ದಾರೆ. ಬೀಳದೇ ನಡಿಗೆ ಕಲಿತವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ, ತೋರಿಸಿ!

ಟ್ಯೂಷನ್‌ನವರೇ, ಪೋಷಕರ ಸಭೆಯಲ್ಲಿ ಆಟ ತೆಗೆಯಿರಿ ಎಂದು ಮೊದಲು ಎದ್ದುನಿಂತವರು ನೀವು. ಮಕ್ಕಳ ಸಂಜೆ ಆಗಲೇ ನಿಮ್ಮ ಪಾಲಾಗಿದೆ, ಹಗಲೂ ಬೇಕೇ? ಕ್ರಿಕೆಟ್ ಕೋಚಿಂಗ್‌ನವರು ನಮ್ಮ ಬೆಂಬಲಕ್ಕೆ ಬಂದಿದ್ದಾರೆ. ಅವರ ಬೆಂಬಲ ಬೇಡ. ಫೀಸು ಕಟ್ಟಿದವರಿಗೆ ಮೈದಾನ, ಉಳಿದವರಿಗೆ ಚೆಂಡು ಹೆಕ್ಕುವ ಕೆಲಸ ಕೊಡುವ ಆಟವನ್ನು ನಾವು ಕೇಳುತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನವಿರಬೇಕು, ಪ್ರತಿ ತರಗತಿಗೂ ಆಟದ ಸಾಮಗ್ರಿ ಒದಗಿಸಬೇಕು ಎನ್ನುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಕ್ಕಳಿಗೆ ಸಿಗುತ್ತಿದ್ದುದು ವಾರಕ್ಕೆ 80 ನಿಮಿಷ. ಅದನ್ನೂ ಕಿತ್ತುಕೊಂಡರು! 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿ ಶುರುಮಾಡಿದ ನಾಡು ಇದು. ನಲಿಯುವುದನ್ನು ಅಳಿಸಿ ಕಲಿ ಎಂದರೆ ಮಗು ಏನು ಕಲಿತೀತು?

ಗುರುಗಳೇ, ನಿಮ್ಮ ಕಷ್ಟ ನಮಗೆ ಗೊತ್ತು. ಆಟದ ಮೇಷ್ಟ್ರು ಒಬ್ಬರೇ, ಅವರ ತಲೆಯ ಮೇಲೂ ಕಚೇರಿಯ ಕಾಗದದ ಹೊರೆ. ನಮ್ಮ ಜೊತೆ ನಿಲ್ಲಿ, ದಾರಿ ಸೇರಿ ಹುಡುಕೋಣ. ಮೊದಲು ಆಟ ವಾಪಸ್ ಬರಲಿ.

ಬರುವ ಶನಿವಾರ ಬೆಳಿಗ್ಗೆ 11ಕ್ಕೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸಭೆ. ಅಂದು ಈ ಹೊಸ ವೇಳಾಪಟ್ಟಿಗೆ ಒಪ್ಪಿಗೆ ಸಿಕ್ಕರೆ ಈ ವರ್ಷವಿಡೀ ಆಟವಿಲ್ಲ. ಕೂಲಿಗೆ ಹೋಗುವವರು ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ, ಮಕ್ಕಳನ್ನೂ ಕರೆತನ್ನಿ. ಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದಿರುತ್ತೇವೆ.

ಇಂತಿ,
ಮಕ್ಕಳ ಪೋಷಕರು ಮತ್ತು ಶಾಲೆಯ ಹಳೆಯ ವಿದ್ಯಾರ್ಥಿಗಳು