ಕತ್ತೆ ಕತೆಯಾದೀತು!



ಫ್ಯಾಕ್ಸ್ ಎಂದ ಕೂಡಲೇ "ಆಂಟಿ, ಅದು ಅಜ್ಜನ ಕಾಲದ್ದು" ಎಂದು ನೀವು ನಗುತ್ತೀರಿ. ನಿಜವಾಗಿ ಅದು ಮುತ್ತಜ್ಜನಿಗಿಂತಲೂ ಹಿಂದಿನದು! ತಂತಿಯ ಮೂಲಕ ಚಿತ್ರ ಕಳಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಪೇಟೆಂಟ್ ಪಡೆದದ್ದು 1843ರಲ್ಲಿ. ಬೆಲ್ಲನ ಟೆಲಿಫೋನ್ ಬಂದದ್ದು 1876ರಲ್ಲಿ.

ದೇವಳಾಲಿ ಕ್ಯಾಂಪ್‌ನಲ್ಲಿ ಮರಾಠಿ, ಹಿಂದಿಗಳ ನಡುವೆ ಬಾಳುವ ನಮ್ಮಂಥವರಿಗೆ ಫ್ಯಾಕ್ಸ್‌ನಲ್ಲಿ ಒಂದು ಅನುಕೂಲವಿತ್ತು. ಅದಕ್ಕೆ ಭಾಷೆಯ ಹಂಗಿಲ್ಲ. ಹಾಳೆಯ ಒಂದೊಂದು ಗೆರೆಯನ್ನೂ 1728 ಚುಕ್ಕೆಗಳಾಗಿ ಓದಿ, ಕಪ್ಪೋ ಬಿಳುಪೋ ಎಂದಷ್ಟೇ ಆಚೆಗೆ ತಿಳಿಸುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಸಾಹಸವಾಗಿದ್ದ ದಿನಗಳಲ್ಲೂ ಊರಿನ ಹಿರಿಯರ ಕೈಬರಹ ಇದ್ದ ಹಾಗೆಯೇ ಬಂದಿಳಿಯುತ್ತಿತ್ತು.

ನಮ್ಮ ದೇಶದಲ್ಲಿ ಇಂಟರ್ನೆಟ್ ದೂರವಾಣಿಗೆ ಏಪ್ರಿಲ್ 1, 2002ರಿಂದ ಮಿತವಾದ ಅನುಮತಿ ದೊರೆಯಿತು. ಈಗ ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಲ್ಯಾಂಡ್‌ಲೈನಿನ ಮಾತು ಕೂಡ ಪೊಟ್ಟಣಗಳಾಗಿ ಒಡೆದು ಇಂಟರ್ನೆಟ್ಟಿನ ರೀತಿಯಲ್ಲೇ ಸಾಗುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದ ಧ್ವನಿ. ದಾರಿಯಲ್ಲಿ ಒಂದೆರಡು ಕಳೆದರೂ ನಮ್ಮ ಕಿವಿ ಊಹಿಸಿ ತುಂಬಿಕೊಳ್ಳುತ್ತದೆ. ಆದರೆ ಫ್ಯಾಕ್ಸ್ ಯಂತ್ರಕ್ಕೆ ಊಹೆ ಎಲ್ಲಿಂದ ಬರಬೇಕು? ಅದರ ಕೀಚಲು ಸದ್ದೇ ಅದರ ಅಕ್ಷರ. ಮನುಷ್ಯರ ಮಾತಿಗೆಂದು ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ ವಿಧಾನಗಳು ಆ ಸದ್ದನ್ನು ಕೆಡಿಸಿಬಿಡುತ್ತವೆ. ಆಗ ಕರೆ ನಡುವೆಯೇ ಕಡಿಯಬಹುದು. ಇಲ್ಲವೇ ಹಾಳೆಯಲ್ಲಿ ಒಂದು ಪಟ್ಟಿಯೇ ಮಾಯವಾಗಬಹುದು.

ನಮ್ಮ ಒತ್ತಕ್ಷರಗಳೆಲ್ಲ ಸಾಲಿನ ಕೆಳಗೆ ಕೂತಿರುತ್ತವಲ್ಲ, ಆ ಪಟ್ಟಿ ಹೋದರೆ 'ಕತ್ತೆ' ಹೋಗಿ 'ಕತೆ' ಆಯಿತು! ಇದು ನಗುವ ಮಾತು. ಆದರೆ ಪರಿಚಯದ ಮನೆಯೊಂದಕ್ಕೆ ಕೆಲ ವರ್ಷಗಳ ಹಿಂದೆ ಊರಿನಿಂದ ಜಮೀನು ಪಾಲಿನ ಒಪ್ಪಿಗೆ ಪತ್ರ ಬಂದಾಗ, ಸರ್ವೆ ನಂಬರಿದ್ದ ಸಾಲೇ ಅಳಿಸಿತ್ತು. ಕಳಿಸಿದ ಯಂತ್ರ 'ಓಕೆ' ಎಂದಿತ್ತು. ಕಾಲೇಜು ಓದುವ ಮಗ ಹಾಳೆಗಳನ್ನು ಎಣಿಸಿ "ಎಲ್ಲ ಬಂದಿದೆ" ಎಂದ. ಅವನಿಗೆ ಕನ್ನಡ ಓದಲು ಬಾರದು. ಸಹಿ ಹಾಕುವ ಮೊದಲು ಅಜ್ಜಿ ಕನ್ನಡಕ ಏರಿಸಿ ಓದಿದ್ದರಿಂದ ಮನೆ ಉಳಿಯಿತು.

ಈ ತೊಡಕಿಗೆ ಮದ್ದು ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಟಿ.38 ಎಂಬ ನಿಯಮ ತಂದಿತು. ಅದರಲ್ಲಿ ಸದ್ದನ್ನು ಸದ್ದಾಗಿ ಸಾಗಿಸುವುದಿಲ್ಲ. ಅದರೊಳಗಿನ ಮಾಹಿತಿಯನ್ನು ಬಿಡಿಸಿ ಕಳಿಸಿ, ಆಚೆ ತುದಿಯಲ್ಲಿ ಮತ್ತೆ ಸದ್ದು ಮಾಡುತ್ತಾರೆ. ಕಳೆದದ್ದನ್ನು ತುಂಬಲು ಹಿಂದಿನ ಪೊಟ್ಟಣದ ಪ್ರತಿಯನ್ನೂ ಜೊತೆಗೆ ಕಟ್ಟಬಹುದು. ಎರಡೂ ಕಡೆಯ ಸೇವೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಕೇಳಿ ತಿಳಿಯಿರಿ. ಇಲ್ಲದಿದ್ದರೆ ಯಂತ್ರದ ವೇಗವನ್ನು 9600ಕ್ಕೆ ಇಳಿಸಿ ನೋಡಿ. ಅದೂ ಆಗದಿದ್ದರೆ ಸ್ಕ್ಯಾನ್ ಮಾಡಿ ಇ-ಮೇಲ್‌ನಲ್ಲಿ ಕಳಿಸುವುದೇ ಲೇಸು.

ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಿಗೆ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳುವುದನ್ನು 2019ರಲ್ಲೇ ನಿಷೇಧಿಸಿದರು. ನಮ್ಮ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಫ್ಯಾಕ್ಸ್ ಕೂಡ ಒಂದು ದಿನ ಹೋದೀತು, ಹೋಗಲಿ. ಆದರೆ ಯಾವ ದಾರಿಯಲ್ಲಿ ಬಂದ ಕಾಗದವಾದರೂ ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕಂಡುಹಿಡಿಯಲು ಓದುವ ಕಣ್ಣೇ ಬೇಕು. ಮಕ್ಕಳೇ, ಮನೆಯಲ್ಲಿ ಆ ಕಣ್ಣು ಅಜ್ಜಿಯದೊಂದೇ ಆಗದಿರಲಿ. ಈ ರಜೆಯಲ್ಲಿ ಒತ್ತಕ್ಷರಗಳಿಂದಲೇ ಆರಂಭಿಸುತ್ತೀರಾ?